ಶೆಡ್ಡಲ್ಲಿ ನಿಂತ ಕಾರು, ಚಳೀಲಿ ಬ್ಯಾಟರಿ

ಎಲ್ಲರಿಗೂ ನಮಸ್ಕಾರ. ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಯ್ತು ಅಂದ್ರೆ ತೋಟದಲ್ಲಿ ಓಡಾಡೋದೆಲ್ಲ ಜೀಪಲ್ಲಿ, ಪಿಕಪ್ಪಲ್ಲಿ, ಮನೆ ಕಾರು ಮಾತ್ರ ಶೆಡ್ಡಲ್ಲಿ ನಿಂತ್ರೆ ನಿಂತೇ ಬಿಡುತ್ತೆ. ಆಮೇಲೆ ಒಂದಿನ ಬೆಳಗಿನ ಜಾವ ಮನೇಲಿ ಯಾರಿಗೋ ಹುಷಾರಿಲ್ಲ, ಮಡಿಕೇರಿಗೆ ಆಸ್ಪತ್ರೆಗೆ ಹೊರಡ್ಬೇಕು, ಕೀ ತಿರುಗಿಸಿದ್ರೆ ಬರೀ ಟಕ್ ಟಕ್. ತೋಟದ ಮನೆಗಳಲ್ಲಿ ಪಕ್ಕದ ಮನೆಯೂ ದೂರ, ಆ ಹೊತ್ತಲ್ಲಿ ಯಾರನ್ನ ಕರೆಯೋದು? ಅದಕ್ಕೇ ಇದನ್ನ ಹೇಳ್ಲೇಬೇಕು ಅನ್ನಿಸ್ತು.

ಆಫ್ ಮಾಡಿದ ಕಾರೂ ಕರೆಂಟ್ ಕುಡೀತಾ ಇರುತ್ತೆ. ಗಡಿಯಾರ, ಅಲಾರಂ, ರಿಮೋಟ್ ಲಾಕು ಎಲ್ಲ ಸೇರಿ 30 ಮಿಲಿ ಆಂಪಿಯರ್ ಅಂತಿಟ್ಕೊಳ್ಳಿ, ತಿಂಗಳಿಗೆ 20 ಆಂಪಿಯರ್ ಅವರ್ ಮೇಲಾಯ್ತು, ಸಣ್ಣ ಕಾರಿನ ಬ್ಯಾಟರೀಲಿ ತುಂಬೋದೇ 35 ಆಂಪಿಯರ್ ಅವರ್ ಆಸುಪಾಸು. ಇದ್ರ ಮೇಲೆ ಚಳಿ ಬೇರೆ, ಬ್ಯಾಟರಿ ಶಕ್ತಿ ಕುಗ್ಗುತ್ತೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರ್‌ಗೆ ಇನ್ನೂ ಜಾಸ್ತಿ ಕರೆಂಟ್ ಬೇಕಾಗುತ್ತೆ.

ತುಂಬಾ ಜನ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಾರೆ, ಚಾರ್ಜ್ ಆಯ್ತು ಅಂದ್ಕೋತಾರೆ. ದಯವಿಟ್ಟು ಇದನ್ನ ನಂಬ್ಕೊಂಡು ಕೂರ್ಬೇಡಿ. ನಿಂತಲ್ಲೇ ಎಂಜಿನ್ ನಿಧಾನಕ್ಕೆ ತಿರುಗ್ತಿರುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕರೆಂಟ್ ಕೊಡೋದೇ ಕಮ್ಮಿ, ತಣ್ಣಗಿರೋ ಬ್ಯಾಟರಿ ಎಳ್ಕೊಳ್ಳೋದೂ ನಿಧಾನ, ಸ್ಟಾರ್ಟ್ ಮಾಡೋಕೆ ಖರ್ಚಾಗಿದ್ದು ವಾಪಸ್ ಬರ್ಬಹುದು ಅಷ್ಟೇ, ವಾರವೆಲ್ಲ ಸೋರಿದ್ದು ಬರಲ್ಲ. ಹಾಗೆ ಅರ್ಧಂಬರ್ಧ ಚಾರ್ಜಲ್ಲೇ ಇಟ್ರೆ ಒಳಗಿನ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರೀನೇ ಹಾಳಾಗುತ್ತೆ. ವಾರಕ್ಕೊಂದ್ಸಲ ಸಂತೆಗೋ ನೆಂಟರ ಮನೆಗೋ ನೆಪ ಮಾಡ್ಕೊಂಡು ಓಡಿಸಿ, ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿಲೋಮೀಟರು, ಅಷ್ಟು ಓಡಿದ್ರೆ ಒಳ್ಳೇದು.

ಅದೂ ಆಗಲ್ಲ ಅನ್ನೋರು ಬ್ಯಾಟರಿ ತುಂಬಿದ್ಮೇಲೆ ತಾನೇ ಕರೆಂಟ್ ಕಮ್ಮಿ ಮಾಡ್ಕೊಳ್ಳೋ ಸ್ಮಾರ್ಟ್ ಚಾರ್ಜರ್ ತಗೊಳ್ಳಿ, ನನ್ನ ಲೆಕ್ಕದಲ್ಲಿ ಹೊಸ ಬ್ಯಾಟರಿಗೆ ದುಡ್ಡು ಹಾಕೋದಕ್ಕಿಂತ ಇದೇ ಮೇಲು. ಶೆಡ್ಡಲ್ಲಿ ಪ್ಲಗ್ ಇಲ್ವಾ, ಹಾಗಾದ್ರೆ ಸ್ಪ್ಯಾನರ್ ತಗೊಂಡು ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, ಬರೀ ನೆಗೆಟಿವ್ ಸಾಕು. ಗಡಿಯಾರ ಮತ್ತೆ ಸೆಟ್ ಮಾಡ್ಬೇಕಾಗುತ್ತೆ, ಕೀ ಮಾತ್ರ ಕಾರೊಳಗೆ ಬಿಟ್ಟು ಬಾಗಿಲು ಹಾಕ್ಬೇಡಿ.

ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್ ಮನೇಲಿರ್ಲಿ. ರಾತ್ರಿ ನಿಂತ ಕಾರಲ್ಲಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದ್ರೆ ಬ್ಯಾಟರಿ ತುಂಬಿದೆ, 12.4ಕ್ಕಿಂತ ಕೆಳಗಿಳಿದ್ರೆ ಚಾರ್ಜ್‌ಗೆ ಹಾಕಿ.

ನಮ್ಮೂರಲ್ಲಿ ಇಳಿಜಾರಿಗೇನು ಕಮ್ಮಿ, ತಳ್ಳಿ ಸೆಕೆಂಡ್ ಗೇರಲ್ಲಿ ಸ್ಟಾರ್ಟ್ ಮಾಡಿದ್ರಾಯ್ತು ಅಂತೀರೇನೋ, ಆಟೋಮ್ಯಾಟಿಕ್ ಕಾರಲ್ಲಿ ಅದು ನಡೆಯಲ್ಲ. ಅಂಥೋರು ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತಗೊಂಡು ಸ್ಟಾರ್ಟ್ ಮಾಡೋ ಜಂಪರ್ ಕೇಬಲ್ ಡಿಕ್ಕೀಲಿ ಇಟ್ಕೊಳ್ಳಿ, ಮೊದ್ಲು ಎರಡೂ ಪ್ಲಸ್‌ಗೆ ಕೆಂಪು, ಆಮೇಲೆ ಚೆನ್ನಾಗಿರೋ ಬ್ಯಾಟರಿ ಮೈನಸ್‌ಗೆ ಕಪ್ಪು, ಕಪ್ಪಿನ ಇನ್ನೊಂದು ತುದಿ ಸತ್ತ ಬ್ಯಾಟರಿಗೆ ಹಾಕ್ದೆ ಅದೇ ಕಾರಿನ ಎಂಜಿನ್ನಿನ ಪೈಂಟ್ ಇಲ್ದಿರೋ ಲೋಹಕ್ಕೆ ಸಿಕ್ಕಿಸಿ, ಯಾಕಂದ್ರೆ ಬ್ಯಾಟರಿ ಹತ್ರ ಹೈಡ್ರೋಜನ್ ಗ್ಯಾಸ್ ಇರುತ್ತೆ, ಅಲ್ಲಿ ಕಿಡಿ ಹಾರ್ಬಾರ್ದು. ನಮಸ್ಕಾರ.