ರೇಸ್ ಭಾನುವಾರ, ಸಮುದ್ರ ಸೋಮವಾರದಿಂದ: ಮನೆಯವರ ಜೊತೆ ಗೋವಾ ಟ್ರಯಥ್ಲಾನ್

[ದೃಶ್ಯ: ಬೆಳಗಿನ ಜಾವ, ಕುಕ್ಕರಹಳ್ಳಿ ಕೆರೆ ಏರಿ. ಓಟ ಮುಗಿಸಿ ಬೆಂಚಿನ ಮೇಲೆ ಕೂತು ಮಾತು.]

ನಮಸ್ಕಾರ. ಮೈಸೂರಿನಲ್ಲಿ ಟ್ರಯಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ರೇಸಿಗೆ, ತಯಾರಿ ಮಾಡುವವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. "ಹೇಗೂ ಗೋವಾಕ್ಕೆ ಹೋಗ್ತಿದ್ದೀಯಲ್ಲ, ನಾವೂ ಬರ್ತೀವಿ." ನಮ್ಮ ಮನೆಯಲ್ಲಿ ಇದನ್ನು ಹೇಳಿದ್ದು ಅತ್ತೆ. ನನಗೆ ತುಂಬಾ ಖುಷಿಯಾಯಿತು. ಆರು ತಿಂಗಳು ನಾನು ಬೆಳಗ್ಗೆ ಐದಕ್ಕೆ ಮನೆ ಬಿಟ್ಟಾಗ ಮಕ್ಕಳ ಡಬ್ಬಿ ಕಟ್ಟಿದ್ದು ಅವರೇ. ಆ ಪ್ರವಾಸ ಅವರದೂ ಹೌದು, ಅಲ್ವಾ?

ಆದರೆ ರೇಸ್ ಮತ್ತು ರಜೆ ಎರಡನ್ನೂ ಕಲಸಿಬಿಟ್ಟರೆ ಎರಡೂ ಕೆಡುತ್ತವೆ. ರೇಸಿನ ಹಿಂದಿನ ದಿನ ನಿಮಗೆ ನೆರಳು ಬೇಕು, ಬೇಗ ನಿದ್ದೆ ಬೇಕು, ದಿನಾ ತಿನ್ನುವ ಊಟವೇ ಬೇಕು. ಮನೆಯವರಿಗೆ ಬಿಸಿಲಲ್ಲಿ ಮರಳು ಬೇಕು, ಮೀನಿನ ಊಟ ಬೇಕು, ರಾತ್ರಿ ಹತ್ತರವರೆಗೆ ತಿರುಗಾಟ ಬೇಕು. ಇಬ್ಬರದೂ ತಪ್ಪಲ್ಲ. ಅದಕ್ಕೇ ನಾನು ಹೇಳುವುದು ಇಷ್ಟು: ರೇಸ್ ಮೊದಲು, ರಜೆ ಆಮೇಲೆ. ಎರಡಕ್ಕೂ ಬೇರೆ ಬೇರೆ ಊರು, ಬೇರೆ ಬೇರೆ ರೂಮು.

[ದೃಶ್ಯ: ಪರದೆಯ ಮೇಲೆ ದೂರಗಳು.]

ಮೊದಲು ರೇಸ್ ಯಾವುದು ನೋಡೋಣ. ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾಗಿದ್ದು 2019ರಲ್ಲಿ. ಪಣಜಿಯ ಮೀರಾಮಾರ್ ಬೀಚಿನಲ್ಲಿ ನಡೆಯುತ್ತದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಕೂಡಿದರೆ 113 ಕಿ.ಮೀ., ಮೈಲಿಯಲ್ಲಿ 70.3. ಹೆಸರು ಬಂದಿದ್ದು ಹಾಗೆ. ಈಜಿಗೆ 1 ಗಂಟೆ 10 ನಿಮಿಷ, ಪೂರ್ತಿ ರೇಸಿಗೆ ಎಂಟೂವರೆ ಗಂಟೆ ಕಟ್-ಆಫ್, ಅಂದರೆ ಅಷ್ಟರೊಳಗೆ ಮುಗಿಸಲೇಬೇಕು. ಇದೇ ನಿಮ್ಮ ಮೊದಲ ಟ್ರಯಥ್ಲಾನ್ ಆಗಿದ್ದರೆ, ದಯವಿಟ್ಟು ಇದಕ್ಕೆ ಮೊದಲು ಎಲ್ಲಾದರೂ ಒಂದು ಸ್ಪ್ರಿಂಟ್, ಅಂದರೆ ಚಿಕ್ಕ ಟ್ರಯಥ್ಲಾನ್, ಮಾಡಿ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ಅಷ್ಟೇ. ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸಣ್ಣ ಮಕ್ಕಳು ಅಷ್ಟು ಹೊತ್ತು ನಿಂತು ನೋಡುತ್ತಾರೆ. ಎಂಟು ಗಂಟೆ ಯಾವ ಮಗುವೂ ನಿಲ್ಲುವುದಿಲ್ಲ.

ದಿನಾಂಕದ ಬಗ್ಗೆ ಒಂದು ಮಾತು. ಈ ರೇಸ್ ಬರುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಮೈಸೂರಿನವರಿಗೆ ಅದು ದಸರಾ, ದೀಪಾವಳಿಯ ಹೊತ್ತು. ಮನೆ ತುಂಬಾ ನೆಂಟರು, ಸಂಜೆಯಾದರೆ ಅರಮನೆ ಸುತ್ತ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ಅತಿ ಉದ್ದದ ಸೈಕಲ್ ಸವಾರಿಗಳು ಬರುವುದೂ ಅದೇ ವಾರಗಳಲ್ಲೇ. ದುಡ್ಡು ಕಟ್ಟುವ ಮೊದಲು ಕ್ಯಾಲೆಂಡರ್ ಹಿಡಿದುಕೊಂಡು ಮನೆಯವರ ಜೊತೆ ಕೂತುಕೊಳ್ಳಿ. ಕಟ್ಟಿದ ಮೇಲೆ ಕೇಳಿದರೆ ಅದು ಕೇಳಿದ ಹಾಗಲ್ಲ.

[ದೃಶ್ಯ: ಈಜುಕೊಳ.]

ನಮ್ಮ ಊರಿನ ತಯಾರಿಯಲ್ಲಿ ಎರಡು ಕೊರತೆ. ಒಂದು ಸಮುದ್ರ, ಇನ್ನೊಂದು ಸೆಕೆ.

ಕಾವೇರಿ ಇದೆಯಲ್ಲ, ಅಲ್ಲೇ ಈಜೋಣ ಅಂತ ಕೆಲವರು ಕೇಳುತ್ತಾರೆ. ಬೇಡ. ಹೊಳೆಯಲ್ಲಿ ಸುಳಿ ಇದೆ, ರಂಗನತಿಟ್ಟಿನ ಕಡೆ ಮೊಸಳೆಗಳಿವೆ. ಮಂಡ್ಯದ ಕಡೆಯವರಿಗೂ ಇದೇ ಮಾತು. ವಿ.ಸಿ. ನಾಲೆಯ ನೀರು ನೋಡೋಕೆ ಸುಮ್ನೆ ಹರಿಯುವ ಹಾಗಿರುತ್ತದೆ, ಸೆಳೆತ ಗೊತ್ತಾಗುವುದು ಇಳಿದ ಮೇಲೆ. ಕೊಳದಲ್ಲೇ ಕಲಿಯಬಹುದು. ಸಮುದ್ರದಲ್ಲಿ ಕೊಳದ ಹಾಗೆ ತಳದಲ್ಲಿ ದಾರಿ ತೋರಿಸುವ ಗೆರೆ ಇರುವುದಿಲ್ಲ. ದೊಡ್ಡ ಬಣ್ಣದ ಬೋಯ್‌ಗಳನ್ನು ತೇಲಿಬಿಟ್ಟಿರುತ್ತಾರೆ, ಅದನ್ನೇ ನೋಡುತ್ತಾ ಹೋಗಬೇಕು. ನಾನು ಮಾಡುವುದು ಹೀಗೆ: ಕಣ್ಣು ಮುಚ್ಚಿ ಆರು ಸಲ ಕೈ ಬೀಸುತ್ತೇನೆ, ಆಮೇಲೆ ಮೊಸಳೆ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತಂದು ಎದುರಿನ ಗೋಡೆ ನೋಡುತ್ತೇನೆ. ಮೊದಲ ವಾರ ಪ್ರತಿ ಸಲವೂ ಎಡಗಡೆ ಹಗ್ಗಕ್ಕೆ ಭುಜ ತಾಗುತ್ತಿತ್ತು. ನಾನು ಎಡಕ್ಕೆ ಎಳೆಯುತ್ತೇನೆ ಅಂತ ಗೊತ್ತಾಗಿದ್ದು ಆಗಲೇ. ಉಪ್ಪು ನೀರು ಮೈಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಅಷ್ಟರ ಮಟ್ಟಿಗೆ ಸಮುದ್ರ ನಮ್ಮ ಕಡೆಗಿದೆ.

ಸೆಕೆಯ ವಿಷಯ ಇದಕ್ಕಿಂತ ದೊಡ್ಡದು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಬೆಳಗ್ಗೆ ತಂಪು. ಗೋವಾದಲ್ಲಿ ನೀವು ಓಡಲು ಇಳಿಯುವ ಹೊತ್ತಿಗೆ ಮಧ್ಯಾಹ್ನ, ಬಿಸಿಲು 30 ಡಿಗ್ರಿ ದಾಟಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟು ಮೊದಲೇ ಹೋಗಿ ಕೂರಲು ಮನೆ, ಕೆಲಸ ಇರುವವರಿಗೆ ಆಗುತ್ತದೆಯೇ? ಅದಕ್ಕೆ ಕೊನೆಯ ಎರಡು ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಬಿಟ್ಟು, ಬೆಳಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ನಿಧಾನವಾಗಿ ಮುಕ್ಕಾಲು ಗಂಟೆ ಓಡಿ. ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ, ಅದು ಅಪಾಯ. ನೀರಿನ ಜೊತೆ ಉಪ್ಪೂ ಒಳಗೆ ಹೋಗಬೇಕು.

[ದೃಶ್ಯ: ಕಾರಿನ ಡಿಕ್ಕಿ ತುಂಬುತ್ತಿರುವುದು.]

ಮೈಸೂರಿನಿಂದ ಪಣಜಿಗೆ 600 ಕಿ.ಮೀ.ಗೂ ಜಾಸ್ತಿ. ಒಂದೇ ದಿನ ಹೊಡೆಯಬೇಡಿ. ಮಡಿಕೇರಿ ಮೇಲೆ ಮಂಗಳೂರಿಗೆ ಇಳಿದು, ಉಡುಪಿಯಲ್ಲಿ ರಾತ್ರಿ ಉಳಿದು, ಮರುದಿನ ಕರಾವಳಿ ಹಿಡಿದು ಹೋಗಿ. ಗುರುವಾರ ಹೊರಟರೆ ಶುಕ್ರವಾರ ಸಂಜೆ ಪಣಜಿ. ಶನಿವಾರ ಸೈಕಲ್ ಒಪ್ಪಿಸುವುದು, ರೇಸಿನ ನಿಯಮ ಹೇಳುವ ಬ್ರೀಫಿಂಗ್, ಇದರಲ್ಲೇ ಅರ್ಧ ದಿನ ಹೋಗುತ್ತದೆ. ಆ ದಿನ ನಮ್ಮವರು ಮಕ್ಕಳನ್ನು ಕರೆದುಕೊಂಡು ಹಳೆ ಗೋವಾದ ಚರ್ಚುಗಳನ್ನು ನೋಡಿ ಬಂದರು. ನಾನು ರೂಮಿನಲ್ಲೇ ಕಾಲು ಮೇಲೆ ಮಾಡಿ ಮಲಗಿದೆ. ರಾತ್ರಿ ಊಟ ಅನ್ನ, ಮೊಸರು. ಬೆಳಗ್ಗೆ ನಾಲ್ಕಕ್ಕೆ ಅತ್ತೆ ಮೈಸೂರಿನಿಂದಲೇ ತಂದಿದ್ದ ಅವಲಕ್ಕಿ. ರೇಸಿನ ದಿನ ಹೊಸ ಊಟ ಯಾವುದೂ ಬೇಡ.

ಮನೆಯವರಿಗೆ ಒಂದು ಚೀಟಿ ಬರೆದುಕೊಡಿ. ನಾನು ಹಾಲಿನ ಪ್ಯಾಕೆಟ್ಟಿನ ಲೆಕ್ಕ ಬರೆಯುವ ಪುಸ್ತಕದ ಹಾಳೆ ಹರಿದು ಬರೆದಿದ್ದೆ: "7.00 ಶುರು. 7.50 ನೀರಿನಿಂದ ಮೇಲೆ. 11.45 ಸೈಕಲ್ ಮುಗಿಸಿ ವಾಪಸ್. 2.20 ಕೊನೆ." ಅತ್ತೆ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ನಾನು ನೀರಿನಿಂದ ಎದ್ದಿದ್ದನ್ನು ನೋಡಿ ಎಲ್ಲರೂ ರೂಮಿಗೆ ಹೋದರು, ತಿಂಡಿ ತಿಂದರು, ಮಕ್ಕಳು ಮಲಗಿದರು. ಹನ್ನೊಂದೂವರೆಗೆ ಟೋಪಿ, ಛತ್ರಿ ಹಿಡಿದು ವಾಪಸ್ ಬಂದರು. ಮಧ್ಯದ ಸುಮಾರು ನಾಲ್ಕು ಗಂಟೆ ಬಿಸಿಲಲ್ಲಿ ಕಾದಿದ್ದರೆ ಓಟದ ಹೊತ್ತಿಗೆ ಅವರೇ ಸುಸ್ತಾಗಿರುತ್ತಿದ್ದರು. ಚೀಟಿಯಲ್ಲಿ ಬರೆದಿದ್ದಕ್ಕಿಂತ ಇಪ್ಪತ್ತು ನಿಮಿಷ ತಡವಾಗಿ ಬಂದೆ. ತಿರುವಿನಲ್ಲಿ ಮಗಳು ಆ ಚೀಟಿಯನ್ನೇ ಎತ್ತಿ ಹಿಡಿದು ಬೀಸುತ್ತಿದ್ದಳು. ಆಗ ಬಂದ ಕಣ್ಣೀರು ಈಗ ಹೇಳುವಾಗಲೂ ಬರುತ್ತದೆ.

[ದೃಶ್ಯ: ದೋಣಿ, ಕಾಂಡ್ಲಾ ಮರಗಳು.]

ಸೋಮವಾರದಿಂದ ಪ್ರವಾಸ ಅವರದು. ಇದನ್ನು ಮನಸಾರೆ ಬಿಟ್ಟುಕೊಡಿ. ಒಂದೇ ಎಚ್ಚರಿಕೆ: ಕಾಲು ನೋವು ಜಾಸ್ತಿ ಆಗುವುದು ಎರಡನೇ ದಿನ. ಅದಕ್ಕೆ ಕೋಟೆ, ಮೆಟ್ಟಿಲು ಇರುವ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳಿ. ಸೋಮವಾರಕ್ಕೆ ಒಳ್ಳೆಯದು ಚೋರಾಂವ್ ದ್ವೀಪ. ರಿಬಂದರ್‌ನಿಂದ ಫೆರಿ ಹತ್ತಿದರೆ ಆಯಿತು, ಅಲ್ಲಿ ಸಲೀಂ ಅಲಿ ಪಕ್ಷಿಧಾಮ ಇದೆ. 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮ ಆಗಲು ಕಾರಣರಾದ ಪಕ್ಷಿತಜ್ಞ, ಅದೇ ಸಲೀಂ ಅಲಿ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಆಮೇಲೆ ದಕ್ಷಿಣಕ್ಕೆ, ಪಾಲೋಲೆಮ್‌ಗೆ. ಪಣಜಿಯಿಂದ ಸುಮಾರು 70 ಕಿ.ಮೀ., ಕಾರವಾರದ ದಾರಿಯಲ್ಲೇ. ಅರ್ಧಚಂದ್ರದ ಹಾಗಿರುವ ಕೊಲ್ಲಿ, ಅಲೆ ಸಣ್ಣದು. ಎಲ್ಲೇ ನೀರಿಗಿಳಿದರೂ ಬಾವುಟ ನೋಡಿ. ಕೆಂಪು ಇದ್ದರೆ ಇಳಿಯಬೇಡಿ. ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಆಡಿ, ಅಲ್ಲಿ ಲೈಫ್‌ಗಾರ್ಡ್ ಇರುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹೋರಾಡಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. 1.9 ಕಿ.ಮೀ. ಈಜಿದ್ದೇನೆ ಅನ್ನುವ ಧೈರ್ಯದಲ್ಲಿ ಮಗುವನ್ನು ಎತ್ತಿಕೊಂಡು ಆಳಕ್ಕೆ ಹೋಗಲೇಬೇಡಿ.

[ದೃಶ್ಯ: ರೂಮಿನ ಹಿತ್ತಲು. ಬಕೆಟ್, ಸೈಕಲ್.]

ಹೊರಡುವ ಹಿಂದಿನ ಸಂಜೆ ಸೈಕಲ್ ತೊಳೆಯಿರಿ. ಉಪ್ಪುಗಾಳಿ ಎರಡೇ ದಿನದಲ್ಲಿ ಚೈನಿಗೆ ತುಕ್ಕು ಹಿಡಿಸುತ್ತದೆ. ಸಿಹಿ ನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ಬಿಡಿ. ನಾವು ಒಂದೇ ಬಕೆಟ್ ಕೇಳಿ ತಂದೆವು. ಮೊದಲು ಚೈನು, ಆಮೇಲೆ ನೀರು ಬದಲಿಸಿ ಮಕ್ಕಳ ಮರಳು ಕಾಲು, ಕೊನೆಗೆ ಅತ್ತೆಯ ಚಪ್ಪಲಿ.