ತೀರ್ಪಿನಲ್ಲಿ ಬರೆಯದ ಶಿಕ್ಷೆ

ಕೇಳುಗರಿಗೆ ನಮಸ್ಕಾರ.

ತಪ್ಪು ಮಾಡಿದವನಿಗೆ ಶಿಕ್ಷೆ ಯಾಕೆ? ಸೇಡಿಗೋ, ಬೇರೆಯವರಿಗೆ ಹೆದರಿಕೆ ಇರಲಿ ಅಂತಲೋ, ಅವನನ್ನು ತಿದ್ದೋಕೋ? ಸಂವಿಧಾನ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. 21ನೇ ವಿಧಿ ಹೇಳುವುದು ಇಷ್ಟೇ: ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಕೊಲೆ ಮಾಡಿದವನಿಗೂ ಈ ರಕ್ಷಣೆ ಉಂಟು. ತಕರಾರು ಶುರುವಾಗುವುದೇ ಇಲ್ಲಿ.

1993ರ ಏಪ್ರಿಲ್. ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ಪಾಲಾರ್‌ನಲ್ಲಿ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿತು. 22 ಜನ ಸತ್ತರು. ಮೈಸೂರಿನ ಟಾಡಾ ಕೋರ್ಟು, ಅಂದರೆ ಭಯೋತ್ಪಾದನೆ ಕೇಸುಗಳ ವಿಶೇಷ ಕೋರ್ಟು, ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2004ರಲ್ಲಿ ಕೋರ್ಟು ಶಿಕ್ಷೆ ಇಳಿಸುವುದಿರಲಿ, ತಾನಾಗಿಯೇ ಅದನ್ನು ಗಲ್ಲು ಶಿಕ್ಷೆಗೆ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗೆ ಹೋಯಿತು. ಆಗೋದಿಲ್ಲ ಅನ್ನುವ ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ. ಒಂಬತ್ತು ವರ್ಷ! ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಬೆಳಗಾದರೆ ಇವತ್ತೋ ನಾಳೆಯೋ ಅನ್ನುವ ಬದುಕು.

2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದೆ ಇಷ್ಟು ಕಾಯಿಸುವುದೇ ಒಂದು ಹಿಂಸೆ, 21ನೇ ವಿಧಿ ಅದಕ್ಕೆ ಒಪ್ಪುವುದಿಲ್ಲ ಎಂದಿತು. ಆ 22 ಮನೆಯವರಿಗೆ ಇದು ಹೇಗೆ ಕೇಳಿಸಿರಬಹುದು? ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೂ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಶಿಕ್ಷೆ ಎಷ್ಟು ಅಂತ ಹೇಳಬೇಕಾದದ್ದು ನ್ಯಾಯಾಧೀಶರು. ದಿಲ್ಲಿಯ ಯಾವುದೋ ಮೇಜಿನ ಮೇಲೆ ಕೂತ ಕಡತ ಅದಕ್ಕೆ ಇನ್ನಷ್ಟು ಸೇರಿಸಬಾರದು, ಅಲ್ವಾ?

ತಿದ್ದುವ ಮಾತು ಬಂತಲ್ಲ, ಅದೂ ಬರೀ ಉಪದೇಶವಲ್ಲ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲ್ಲು ಶಿಕ್ಷೆಯನ್ನು ಕಾನೂನಿನಲ್ಲಿ ಉಳಿಸಿತು ನಿಜ, ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಈ ಮನುಷ್ಯ ತಿದ್ದಿಕೊಳ್ಳುವವನಲ್ಲ ಅಂತ ಸಾಕ್ಷಿ ಕೊಟ್ಟು ತೋರಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲೇ ಗತಿ ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 303ನೇ ಕಲಮನ್ನು 1983ರಲ್ಲಿ ಕೋರ್ಟು ರದ್ದು ಮಾಡಿತು. ಎದುರಿಗಿರುವವನ ಕಥೆ ಕೇಳದೆ ನೇಣು ಬರೆಯೋದಾದರೆ ನ್ಯಾಯಾಧೀಶರಾದರೂ ಯಾಕೆ ಬೇಕು?

2014ರ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಜಾಸ್ತಿ ಜನರ ಕಣ್ಣಿಗೆ ಬೀಳದ್ದು. ಕ್ಷಮಾದಾನದ ಅರ್ಜಿ ತಿರಸ್ಕಾರವಾದ ಸುದ್ದಿ ಕೈದಿಗೆ ತಿಳಿಸಿ, ಗಲ್ಲಿಗೇರಿಸುವ ಮುಂಚೆ ಕನಿಷ್ಠ 14 ದಿನ ಕೊಡಬೇಕು. ಅಷ್ಟರಲ್ಲಿ ಮನೆಯವರು ಬಂದು ನೋಡಬಹುದು, ವಕೀಲರು ಮತ್ತೆ ಕೋರ್ಟಿಗೆ ಹೋಗಬಹುದು.