ನಿಮ್ಮ ಮನೆಯ ಆಯಿಯನ್ನು ಮ್ಯೂಸಿಯಂಗೆ ಕರೆದುಕೊಂಡು ಬನ್ನಿ

ನಮಸ್ಕಾರ. ನನ್ನ ಕೈಯಲ್ಲಿರುವ ಈ ಬಟ್ಟಲು ನೋಡಿ. ಸ್ವಲ್ಪ ಕ್ಯಾಮೆರಾ ಹತ್ತಿರ ತರುತ್ತೇನೆ. ಮರದ್ದು. ತಳದಲ್ಲಿ ಮೂರು ತೂತು ಇವೆ. ಅಂಚಿನ ಒಂದು ಕಡೆ ಮಾತ್ರ ಸವೆದು ನುಣ್ಣಗಾಗಿದೆ, ಬೆರಳಿಟ್ಟರೆ ಜಾರುತ್ತದೆ. ಉಳಿದ ಕಡೆ ಇನ್ನೂ ಉಳಿಯ ಗುರುತು ಕಾಣುತ್ತದೆ.

ಎರಡು ವರ್ಷ ಇದು ನಮ್ಮ ಮ್ಯೂಸಿಯಂನ ಕಪಾಟಿನಲ್ಲಿತ್ತು. ಪಕ್ಕದಲ್ಲಿ ಒಂದು ಚೀಟಿ. 'ಮರದ ಪಾತ್ರೆ, ಹಳೆಯದು.' ಆ ಚೀಟಿ ಬರೆದವಳು ನಾನೇ.

ಕಳೆದ ಬೇಸಿಗೆಯಲ್ಲಿ ಒಬ್ಬ ಆಯಿ ಮೊಮ್ಮಗನ ಜೊತೆ ಒಳಗೆ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು, ಹೊರಗೆ ಕೆಂಡದಂಥ ಬಿಸಿಲು. ನೆರಳು ಕಂಡು ಬಂದಿದ್ದರು ಅಷ್ಟೆ. ಕಪಾಟಿನ ಮುಂದೆ ನಿಂತವರು ಈ ಬಟ್ಟಲು ನೋಡಿ, "ಯವ್ವಾ, ಇದು ಕೂರಿಗಿ ಬಟ್ಟಲ ಅಲ್ಲೇನು? ಇಲ್ಲ್ಯಾಕ ಇಟ್ಟೀರಿ?" ಅಂದರು. ನಾನು ತೆಗೆದು ಕೈಗೆ ಕೊಟ್ಟೆ. ಅಲ್ಲೇ ಬಂಡೆ ಮೇಲೆ ಕೂತರು. ಎಡಗೈ ಉಡಿಗೆ ಹೋಯಿತು. ಉಡಿಯಲ್ಲಿ ಏನೂ ಇರಲಿಲ್ಲ, ಆದರೂ ಕೈ ಹೋಯಿತು. ಬಲಗೈ ಮುಷ್ಟಿ ಮಾಡಿ ಬಟ್ಟಲಿನ ಅಂಚಿಗೆ ಊರಿದರು. ಹೆಬ್ಬೆರಳು ಸಡಿಲ ಬಿಟ್ಟು ಮುಷ್ಟಿಯನ್ನು ಮೆಲ್ಲಗೆ ಸುತ್ತ ತಿರುಗಿಸಿದರು. ಮುಷ್ಟಿ ಊರಿದ ಜಾಗ ಸರಿಯಾಗಿ ಆ ನುಣುಪಾದ ಜಾಗವೇ.

"ಮೂರೂ ತೂತಿಗಿ ಸಮ ಬೀಳಬೇಕು. ಒಂದಕ್ಕ ಕಾಳು ಬೀಳಲಿಲ್ಲ ಅಂದ್ರ ಆ ಸಾಲೇ ಬರಿದು. ಎಂಟ ದಿನಕ್ಕ ಊರಿಗೆಲ್ಲಾ ಗೊತ್ತಾಗ್ತದ, ಯಾರು ಬಿತ್ಯಾರ ಅಂತ."

ಕೂರಿಗೆ ಅಂದರೆ ಎತ್ತು ಎಳೆಯುವ, ಬೀಜ ಬಿತ್ತುವ ಸಾಧನ. ಅದರ ಹಿಂದೆ ಬೀಜ ಬಿಡುತ್ತಾ ನಡೆಯುವ ಹೆಂಗಸಿನ ಕೈಯಲ್ಲಿ ಒಂದು ವರ್ಷದ ಬೆಳೆ ಇರುತ್ತಿತ್ತು. ಬಟ್ಟಲಿನ ತೂತಿಗೆ ಬಿದಿರಿನ ಕೊಳವೆ, ಕೊಳವೆಯಿಂದ ಮಣ್ಣು ಸೀಳುವ ತಾಳಿಗೆ, ತಾಳಿನಿಂದ ಮಣ್ಣಿಗೆ. ಇಷ್ಟೆಲ್ಲ ನನಗೆ ಹತ್ತು ನಿಮಿಷದಲ್ಲಿ ತಿಳಿಯಿತು. ಎರಡು ವರ್ಷ ಇದರ ಧೂಳು ಒರೆಸಿದ್ದೇನೆ, ಆಗ ತಿಳಿದಿರಲಿಲ್ಲ.

ಇವತ್ತು ನಾನು ಹೇಳುವುದು ಇದನ್ನೇ. ನಮ್ಮ ಕಡೆಯ ಸಣ್ಣ ಮ್ಯೂಸಿಯಂಗಳಿಗೆ ವಸ್ತು ಸಾಕಷ್ಟು ಇವೆ. ದುಡ್ಡು ಬೇಕು, ನಿಜ, ಆದರೆ ಅದು ಮೊದಲನೆಯದಲ್ಲ. ಮೊದಲು ಬೇಕಾಗಿರುವುದು ಹೆಸರು ಹೇಳುವವರು.

ನಮ್ಮದು ದೊಡ್ಡ ಜಾಗವಲ್ಲ. ಕಲಬುರಗಿ ಜಿಲ್ಲೆ, ಚಿತ್ತಾಪುರದ ಕಡೆ. ಹಳೆ ಮನೆಯೊಂದರ ಎರಡು ಕೋಣೆ. ಗೋಡೆ, ನೆಲ, ಮಾಳಿಗೆ ಎಲ್ಲಾ ಶಹಾಬಾದ್ ಕಲ್ಲು. ಕಲಬುರಗಿಯ ಸರ್ಕಾರಿ ಮ್ಯೂಸಿಯಂ ಹಳೆ ಗುಮ್ಮಟದ ಒಳಗಿದೆ, ಬೀದರ್ ಕೋಟೆಯ ಮ್ಯೂಸಿಯಂ ರಾಜರ ಹಳೆ ಸ್ನಾನಗೃಹದಲ್ಲಿ, ಹಮಾಮಿನಲ್ಲಿ, ಇದೆ. ಅಲ್ಲಿ ಮೂರ್ತಿ, ಶಾಸನ, ಫಿರಂಗಿ, ಗುಂಡು. ಅವುಗಳನ್ನು ಓದಿದವರಿದ್ದಾರೆ, ಬರೆದಿಟ್ಟವರಿದ್ದಾರೆ. ನಮ್ಮಲ್ಲಿ ಇರುವುದು ಬೀಸುಕಲ್ಲು, ಒನಕೆ, ಕುಂಟೆ, ಎತ್ತಿನ ಕೊರಳ ಗೆಜ್ಜೆ, ಕಂದೀಲು, ಕೌದಿ, ಒಂದು ಪೆಟ್ಟಿಗೆ ತುಂಬ ಕಾಗದ. ಇವುಗಳ ಬಗ್ಗೆ ಪುಸ್ತಕ ಹುಡುಕಿದರೆ ಸಿಗುವುದು ಬಹಳ ಕಡಿಮೆ. ತಿಳಿದವರು ನಿಮ್ಮ ಮನೆಯ ಕಟ್ಟೆ ಮೇಲೆ ಕೂತಿದ್ದಾರೆ.

ಒಂದು ಹೆಸರು ಎಷ್ಟು ದೊಡ್ಡದು ಅಂತ ನಮ್ಮ ತಾಲ್ಲೂಕಿನಲ್ಲೇ ನೋಡಬಹುದು. ಸನ್ನತಿ ಗೊತ್ತಲ್ವಾ, ಭೀಮೆಯ ದಡ, ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದು ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎಷ್ಟೋ ತಲೆಮಾರು ಆ ಕಲ್ಲಿಗೆ ಕೈ ಮುಗಿದಿದ್ದಾರೆ, ಅದರಲ್ಲಿ ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ಅದರ ಒಂದು ಹಾಸುಗಲ್ಲಿನಲ್ಲಿ ರಾಜ ನಿಂತಿದ್ದಾನೆ, ಜೊತೆಗೆ ರಾಣಿ. ಕಲ್ಲಿನಲ್ಲಿ ಎರಡೇ ಪದ ಕೆತ್ತಿದ್ದಾರೆ. 'ರಾಯೋ ಅಸೋಕೋ.' ಅಶೋಕ ರಾಜ.

ಅದು ಅಶೋಕನ ಕಾಲದ ಕೆತ್ತನೆ ಅಲ್ಲ. ಅವನು ಹೋಗಿ ಎಷ್ಟೋ ವರ್ಷ ಆದ ಮೇಲೆ ಶಾತವಾಹನರ ಕಾಲದಲ್ಲಿ ಕೆತ್ತಿದ್ದು. ಕೆತ್ತಿದವನಿಗೆ ಒಂದು ಮಾತು ಹೊಳೆದಿದೆ. ಇವನು ಯಾರು ಅಂತ ಮುಂದಿನವರಿಗೆ ತಿಳಿಯಲಿ, ಹೆಸರು ಬರೆಯೋಣ. ಆ ಎರಡು ಪದ ಇಲ್ಲದಿದ್ದರೆ ನಮಗೆ ಸಿಗುತ್ತಿದ್ದುದು ಬರೀ ಒಬ್ಬ ರಾಜ, ಒಬ್ಬ ರಾಣಿ. ನನ್ನ ಕೂರಿಗೆ ಬಟ್ಟಲು ಬರೀ ಮರದ ಪಾತ್ರೆಯಾಗಿದ್ದ ಹಾಗೆ.

ಕೆಲವು ಹೆಸರು ತಾವಾಗಿಯೇ ಉಳಿಯುತ್ತವೆ. ಬೀದರ್‌ಗೆ ಹೋಗಿ, ಸತುವಿನ ಮಿಶ್ರಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರ ಜೊತೆ ಕೂತು ನೋಡಿ. ಬೆಳ್ಳಿಯ ತಂತಿ ಕೂರಿಸಿದರೆ ತಾರಕಶಿ, ತಗಡಿನ ತುಂಡು ಕೂರಿಸಿದರೆ ತಹನಿಶಾನ್. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಆ ನೀರು ಕಾಯಿಸಿ ಅದ್ದುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪ್ರತಿ ಹಂತಕ್ಕೂ ಅವರ ಬಾಯಲ್ಲಿ ಒಂದು ಪದ ಇದೆ, ಯಾಕೆಂದರೆ ಕೆಲಸ ಇನ್ನೂ ನಡೆಯುತ್ತಿದೆ. ಕೂರಿಗೆಯ ಕಥೆ ಹಾಗಲ್ಲ. ಟ್ರ್ಯಾಕ್ಟರ್ ಬಂತು, ಕೂರಿಗೆ ಅಟ್ಟ ಸೇರಿತು, ಆಮೇಲೆ ಒಲೆ ಸೇರಿತು. ಹೆಸರು ಮಾತ್ರ ಎಪ್ಪತ್ತು ದಾಟಿದವರ ಬಾಯಲ್ಲಿದೆ. ಇನ್ನು ಹತ್ತು ವರ್ಷ ಸುಮ್ನೆ ಕೂತರೆ ಕೇಳಲು ಯಾರೂ ಇರುವುದಿಲ್ಲ. ರಾತ್ರಿ ಮಲಗಿದಾಗ ನನಗೆ ಕಾಡುವುದು ಇದೇ.

ಮುಂದಿನ ತಿಂಗಳುಗಳಲ್ಲಿ ಏನು ಮಾಡುತ್ತಿದ್ದೇವೆ ಅಂತ ಹೇಳುತ್ತೇನೆ. ಮೊದಲೇ ಒಂದು ಮಾತು. ವೇದಿಕೆ, ಶಾಮಿಯಾನ, ಹಾರ, ಶಾಲು ಇರುವುದಿಲ್ಲ. ಹಿಂದೆ ಒಮ್ಮೆ ಮಾಡಿದ್ದೆವು. ಎರಡು ತಾಸು ಭಾಷಣ ನಡೆಯಿತು, ಊಟ ಆಯಿತು, ಎಲ್ಲರೂ ಮನೆಗೆ ಹೋದರು. ಕೋಣೆಯ ಒಳಗೆ ಕಾಲಿಟ್ಟವರು ನಾಲ್ಕು ಜನ. ಕಾರ್ಯಕ್ರಮ ಅಂದರೆ ವಸ್ತುವಿನ ಸುತ್ತ ಜನ ಕೂರಬೇಕು, ಮೈಕಿನ ಮುಂದೆ ಅಲ್ಲ. ಇದರಲ್ಲಿ ನಾನು ಸ್ವಲ್ಪ ಹಟಮಾರಿ.

ಪ್ರತಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ. ಚಾಪೆ ಹಾಸುತ್ತೇವೆ. ಹತ್ತು ವಸ್ತು ಮಾತ್ರ ಹೊರಗೆ ತೆಗೆದು ಇಡುತ್ತೇವೆ, ಅದಕ್ಕಿಂತ ಜಾಸ್ತಿ ಇಲ್ಲ. ಹಿರಿಯರು ಕೈಗೆ ತೆಗೆದುಕೊಳ್ಳಬಹುದು, ತಿರುಗಿಸಬಹುದು, ಬಳಸಿ ತೋರಿಸಬಹುದು. ಮ್ಯೂಸಿಯಂನಲ್ಲಿ ಮುಟ್ಟಬೇಡಿ ಅಂತ ಬೋರ್ಡ್ ಇರುತ್ತದಲ್ಲ, ಆ ದಿನ ಆ ಬೋರ್ಡ್ ತೆಗೆದಿಡುತ್ತೇವೆ. ಯಾಕೆ ಗೊತ್ತಾ? ಆ ಆಯಿಗೆ ಬಾಯಿಂದ ಹೇಳಲು ಬಂದದ್ದಕ್ಕಿಂತ ಜಾಸ್ತಿ ಕೈಗೆ ಗೊತ್ತಿತ್ತು. ಬಟ್ಟಲು ಕೈಗೆ ಕೊಡದೆ ಇದ್ದರೆ ಉಡಿಗೆ ಕೈ ಹೋಗುತ್ತಿರಲಿಲ್ಲ.

ಸೆಪ್ಟೆಂಬರ್ 17 ಹತ್ತಿರ ಬರುತ್ತಿದೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ. ನಮ್ಮ ಕಡೆ ಧ್ವಜ ಏರಿಸುತ್ತಾರೆ, ಕಲ್ಯಾಣ ಕರ್ನಾಟಕ ಉತ್ಸವ ಅಂತ ಆಚರಿಸುತ್ತಾರೆ. ಸಂಜೆ ನಾವು ಬೇರೆ ಒಂದು ಕೆಲಸ ಮಾಡುತ್ತೇವೆ. ಆಗ ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅವರು ಕಂಡದ್ದನ್ನು ಕೇಳಿ, ಅನುಮತಿ ಪಡೆದು ರೆಕಾರ್ಡ್ ಮಾಡುತ್ತೇವೆ. ವಾಲಂಟಿಯರ್ ಆಗಿ ಬರುವ ಹುಡುಗ ಹುಡುಗಿಯರಿಗೆ ಒಂದು ಬಿನ್ನಹ. 'ರಜಾಕಾರರು ಬಂದಾಗ ಏನಾಯಿತು' ಅಂತ, ಅಂದರೆ ನಿಜಾಮರ ಪರ ಇದ್ದ ಖಾಸಗಿ ಪಡೆಯವರ ಬಗ್ಗೆ, ಬಾಗಿಲಲ್ಲೇ ಕೇಳಬೇಡಿ. ಆ ದಿನಗಳಲ್ಲಿ, ಅದರ ನಂತರದ ದಿನಗಳಲ್ಲಿ, ಹಿಂದೂಗಳು ಸತ್ತಿದ್ದಾರೆ, ಮುಸ್ಲಿಮರೂ ಸತ್ತಿದ್ದಾರೆ. ಎಪ್ಪತ್ತೈದು ವರ್ಷಕ್ಕೂ ಜಾಸ್ತಿ ಮುಚ್ಚಿಟ್ಟುಕೊಂಡ ನೋವದು. ಆಗ ನಿಮ್ಮ ಮನೆ ಎಲ್ಲಿತ್ತು, ಜೋಳ ಎಲ್ಲಿ ಇಡುತ್ತಿದ್ದಿರಿ, ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಹಗೇವು, ಇತ್ತಾ ಅಂತ ಶುರು ಮಾಡಿ. ಹಗೇವಿನಲ್ಲಿ ಕಾಳು ಬಚ್ಚಿಟ್ಟ ಮಾತು ಬಂದರೆ ಮುಂದಿನದು ತಾನಾಗಿಯೇ ಬರುತ್ತದೆ. ಬರದಿದ್ದರೆ ಬಿಡಿ. ಅವರು ಸುಮ್ಮನಾದರೆ ನೀವೂ ಸುಮ್ಮನೆ ಕೂತುಕೊಳ್ಳಿ.

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಅದರಲ್ಲಿ ಒಂದು ದಿನ ಮಕ್ಕಳನ್ನು ಸನ್ನತಿಗೆ ಕರೆದುಕೊಂಡು ಹೋಗುತ್ತೇವೆ. ಎಳ್ಳ ಅಮಾವಾಸ್ಯೆ ದಿನ ಕೋಣೆಗೆ ಬೀಗ. ಆ ದಿನ ಹೊಲವೇ ಮ್ಯೂಸಿಯಂ. ಭಜ್ಜಿ, ಸಜ್ಜೆ ರೊಟ್ಟಿ ಬುತ್ತಿ ಕಟ್ಟಿಕೊಂಡು ನಾವೂ ಜನರ ಜೊತೆ ಹೋಗುತ್ತೇವೆ. ಚರಗ ಚೆಲ್ಲುವಾಗ, ಅಂದರೆ ಹೊಲಕ್ಕೆ ನೈವೇದ್ಯದ ಅಡುಗೆ ಎರಚುವಾಗ, ಯಾವ ಊರಲ್ಲಿ ಏನು ಕೂಗುತ್ತಾರೆ ಅಂತ ಕೇಳಿ ಬರೆದುಕೊಳ್ಳುತ್ತೇವೆ.

ಇನ್ನು ಸ್ವಯಂಸೇವಕರ ಕೆಲಸ. ತಿಂಗಳಿಗೆ ಎರಡೂವರೆ ತಾಸು ಸಾಕು. ಡಿಗ್ರಿ ಬೇಡ, ಇತಿಹಾಸ ಓದಿರಬೇಕಿಲ್ಲ. ನಿಮ್ಮ ಕೈಗೆ ಒಂದು ನೋಟ್‌ಬುಕ್ ಕೊಡುತ್ತೇವೆ. ಪ್ರತಿ ವಸ್ತುವಿಗೆ ಐದು ಪ್ರಶ್ನೆ. ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಿದ್ದರು? ಯಾವ ಊರು? ಯಾರು ಬಳಸುತ್ತಿದ್ದರು? ಯಾರು ಮಾಡಿಕೊಡುತ್ತಿದ್ದರು? ಬಳಸುವುದು ಯಾವಾಗ ಬಿಟ್ಟಿರಿ? ಅವರು ಹೇಳಿದ ಹಾಗೇ ಬರೆಯಿರಿ. 'ಕೂರಿಗಿ' ಅಂದರೆ 'ಕೂರಿಗಿ' ಅಂತಲೇ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಜೇವರ್ಗಿಯವರು ಒಂದು ಹೇಳುತ್ತಾರೆ, ಸೇಡಂನವರು ತೆಲುಗು ಬೆರೆಸಿ ಇನ್ನೊಂದು ಹೇಳುತ್ತಾರೆ, ಆಳಂದದ ಕಡೆಯವರ ಮಾತಿನಲ್ಲಿ ಮರಾಠಿ ಬರುತ್ತದೆ. ಎಲ್ಲವೂ ಸರಿ, ಎಲ್ಲವನ್ನೂ ಬರೆಯಿರಿ.

ಉರ್ದು ಓದಲು ಬರುವವರು ನಮಗೆ ತುಂಬಾ ಬೇಕು. ನಿಜಾಮರ ಕಾಲದ ಕಚೇರಿ ಭಾಷೆ ಉರ್ದು. ನಮ್ಮ ಅಜ್ಜಂದಿರ ಹೊಲ, ಮನೆ, ಬಾವಿಯ ಕಾಗದ ಬಹಳಷ್ಟು ಅದರಲ್ಲೇ ಇವೆ. ಪೆಟ್ಟಿಗೆಯ ಒಂದು ಕಾಗದವನ್ನು ನಾನು ಯಾವುದೋ ದೊಡ್ಡ ಸನದು, ಅಂದರೆ ಸರ್ಕಾರದ ಅಧಿಕೃತ ಪತ್ರ, ಅಂದುಕೊಂಡು ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನ ಮಾಡಿದ್ದೆ. ನಮ್ಮೂರಿನ ನಿವೃತ್ತ ಉರ್ದು ಮಾಸ್ತರರು ಬಂದು ಕನ್ನಡಕ ಏರಿಸಿ ಓದಿದರು. ಇಬ್ಬರು ಅಣ್ಣತಮ್ಮಂದಿರು ಬಾವಿಯ ನೀರನ್ನು ದಿನ ಬಿಟ್ಟು ದಿನ ಹಂಚಿಕೊಂಡ ಕರಾರು ಅದು. ಕೆಳಗೆ ಹೆಬ್ಬೆಟ್ಟಿನ ಗುರುತು. ಸನದಾಗಿದ್ದರೂ ಇಷ್ಟು ಸಂತೋಷ ಆಗುತ್ತಿರಲಿಲ್ಲ ನನಗೆ. ಮಾಸ್ತರರು ಈಗ ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬರುತ್ತಾರೆ. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ನಾಲ್ಕು ಹಾಳೆ ಕಾಯುತ್ತಿವೆ.

ಒಂದೆರಡು ಎಚ್ಚರಿಕೆ. ಹಿತ್ತಾಳೆ, ತಾಮ್ರ ಕೊಟ್ಟರೆ ಹುಣಸೆಹಣ್ಣು ಹಚ್ಚಿ ಬೆಳಗಿ ತರಬೇಡಿ. ಹಳೆ ತಂಬಿಗೆಯ ಕೊರಳಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿರುತ್ತಾರೆ, ನೋಡಿದ್ದೀರಲ್ಲ? ತವರಿನವರು ಕೊಟ್ಟಾಗ ಹೊಡೆಸಿದ್ದು. ನಾನು ಹೊಸದಾಗಿ ಸೇರಿದಾಗ ಅಂಥ ಒಂದು ತಂಬಿಗೆಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿದೆ. ಮೊದಲೇ ಸವೆದಿದ್ದ ಚುಕ್ಕಿಗಳು ಇನ್ನಷ್ಟು ಹೋದವು. ಈಗ ಅದರಲ್ಲಿ ಓದಲು ಬರುವುದು 'ಮ್ಮ' ಅನ್ನುವ ಕೊನೆಯ ಅಕ್ಷರ ಮಾತ್ರ. ಯಾವ ಅಮ್ಮ ಅಂತ ಇನ್ನು ತಿಳಿಯುವುದಿಲ್ಲ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಹೊಲ ಉಳುವಾಗ ಶಾಸನ, ಮೂರ್ತಿ, ನಾಣ್ಯ ಸಿಕ್ಕರೆ ನಮ್ಮ ಹತ್ತಿರ ತರಬೇಡಿ. ಇದ್ದಲ್ಲೇ ಬಿಟ್ಟು ತಹಸೀಲ್ದಾರರಿಗೆ ತಿಳಿಸಿ. ಎಲ್ಲಿ ಸಿಕ್ಕಿತು ಅನ್ನುವುದು ಕಳೆದುಹೋದರೆ ಅರ್ಧ ಕಥೆ ಹೋದ ಹಾಗೆ. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರದಲ್ಲಿ ಸಿಕ್ಕ ಆದಿಮಾನವರ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಕಲ್ಲು ಒಡೆದ ಜಾಗದಲ್ಲೇ ಚಕ್ಕೆಗಳೂ ಬಿದ್ದಿದ್ದರಿಂದ ಅವರು ಅಲ್ಲೇ ಕೂತು ಆಯುಧ ಮಾಡುತ್ತಿದ್ದರು ಅಂತ ತಿಳಿಯಿತು. ಯಾರಾದರೂ ಚೆಂದದ್ದು ನಾಲ್ಕು ಆರಿಸಿ ಮನೆಗೆ ಒಯ್ದಿದ್ದರೆ?

ಮನೆಯ ವಸ್ತು ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಡಿ, ಅದಕ್ಕೆ ಬೇಜಾರಿಲ್ಲ. ಅದು ನಿಮ್ಮ ಅಟ್ಟದಲ್ಲೇ ಇರಲಿ. ಫೋಟೋ ತೆಗೆದುಕೊಳ್ಳುತ್ತೇವೆ, ಹೆಸರು ಬರೆದುಕೊಳ್ಳುತ್ತೇವೆ.

ಮತ್ತೆ, ಹಿರಿಯರು ಬರಲು ಒಪ್ಪುವುದಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. "ನನಗೇನ್ ಗೊತ್ತದ, ನಾ ಸಾಲಿ ಕಲ್ತಿಲ್ಲ" ಅನ್ನುತ್ತಾರಂತೆ. ಬಟ್ಟಲಿನ ಆಯಿಯೂ ಹಾಗೇ ಅಂದಿದ್ದರು. ಅವರಿಗೆ ಹೊಸ ಚೀಟಿ ಓದಿ ಹೇಳಿದೆ. 'ಕೂರಿಗಿ ಬಟ್ಟಲ. ಮೂರು ತಾಳಿನದು. ಬಿತ್ತುವ ಹೆಂಗಸಿನ ಬಲಗೈ ಊರಿದ ಕಡೆ ಸವೆದಿದೆ.' ಕೆಳಗೆ ಹೇಳಿದವರು ಅಂತ ಅವರ ಹೆಸರು ಬರೆಯಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತಿ ಹೆಸರು ಬರಿ. ಆಕೀನೇ ಕಲಿಸಿದ್ದು" ಅಂದರು. ಈಗ ಚೀಟಿಯಲ್ಲಿ ಇಬ್ಬರ ಹೆಸರೂ ಇದೆ.

ಈ ಬರುವ ಎರಡನೇ ಭಾನುವಾರ ಹತ್ತಕ್ಕೆ ಬಾಗಿಲು ತೆಗೆಯುತ್ತೇವೆ. ಬಸ್ ಸ್ಟ್ಯಾಂಡಿನಿಂದ ಆಟೋ ಮಾಡಿಸಿ, ಹಿರಿಯರನ್ನು ಕರೆತಂದ ಆಟೋ ದುಡ್ಡು ನಾವು ಕೊಡುತ್ತೇವೆ. ಕುಡಿಯಲು ನೀರು, ಚಹಾ ಇರುತ್ತದೆ. ಕೆಳಗೆ ಕೂರಲು ಆಗದವರಿಗೆ ಕುರ್ಚಿ ಇದೆ. ಹೊಸ್ತಿಲ ಮುಂದೆ ಎರಡು ಎತ್ತರದ ಮೆಟ್ಟಿಲಿವೆ. ಕೈ ಹಿಡಿದು ಹತ್ತಿಸಲು ನಾನೇ ಅಲ್ಲಿ ನಿಂತಿರುತ್ತೇನೆ.